ಬೆತ್ತ ಹರಿದ ಕುರ್ಚಿಗೂ ಗವಸು

ಅಕ್ಕನ ಮದುವೆ ಯಮಕನಮರಡಿಯ ನಮ್ಮ ಮನೆಯಂಗಳದಲ್ಲೇ ನಡೆಯಿತು. ನಾನು ಕಾಲೇಜಿನಿಂದ ರಜೆಗೆ ಬಂದಿದ್ದೆ. ಬೀಗರಿಗೆಂದು ಓಣಿಯೆಲ್ಲ ತಿರುಗಿ ತಂದ ಕುರ್ಚಿಗಳು ಒಂದೊಂದು ನಮೂನೆ. ಕಾಕಾ ಮೈದಾ ಚೀಲಗಳನ್ನು ಬಿಚ್ಚಿ, ಸೋಡಾದಲ್ಲಿ ಕುದಿಸಿ, ನೀಲಿ ಹಾಕಿ ಎಲ್ಲಕ್ಕೂ ಗವಸು ಹೊಲಿದರು. ಬೆತ್ತ ಹರಿದು ಮೂಲೆ ಸೇರಿದ್ದ ಕುರ್ಚಿಗೂ ಒಂದು ತೊಡಿಸಿದರು.

"ಅದೊಂದ ಬತ್ತಲೆ ನಿಂತ್ರ ಚಂದ ಕಾಣೂದಿಲ್ಲೋ."

ಮದುವೆಯ ದಿನ ಯಾರೋ ಅದನ್ನೂ ತಂದು ಬೀಗರ ಸಾಲಿನಲ್ಲಿಟ್ಟರು. ಹಿಂದೆಯೇ ಕಟ್ಟೆ ಕುಸಿದ ಬಾವಿ. ವರನ ಅಜ್ಜ ಆ ಕುರ್ಚಿಯ ಮೇಲೆಯೇ ಕೂಡಲು ಬಗ್ಗಿದರು. ಆ ಬಗ್ಗಿದ ಬೆನ್ನು ಈಗಲೂ ಕಣ್ಣಿಗೆ ಕಟ್ಟುತ್ತದೆ. ಆದರೆ ಬೀಗರಿಗೆ 'ಕೂಡಬ್ಯಾಡ್ರಿ' ಅನ್ನುವುದು ಹೇಗೆ? ಅಷ್ಟಕ್ಕೇ ಮುನಿಸಿಕೊಂಡು ಎದ್ದು ಹೋದಾರು.

ಆಯೇರಿನ ಉಡುಗೊರೆಗೆಂದು ತಂದಿದ್ದ ಪಟಗಾ ರುಮಾಲು ಹಿಡಿದು ಕಾಕಾ ಓಡಿ ಬಂದರು. "ನಿಂದರ್ರಿ ಅಜ್ಜಾರ! ಪಟಗಾ ಸುತ್ತದ ನಿಮ್ಮನ್ನ ಕೂಡಸ್ತೇವೇನ್ರಿ?"

ಅಜ್ಜ ಗತ್ತಿನಿಂದ ನೆಟ್ಟಗೆ ನಿಂತು ತಲೆಯೊಡ್ಡಿದರು. ಕಾಕಾ ಪಟಗಾ ಸುತ್ತುತ್ತಿರುವಾಗಲೇ ನಾನು ಆ ಕುರ್ಚಿ ಎಳೆದು ಅದರ ಜಾಗಕ್ಕೆ ಗಟ್ಟಿಯಾದದ್ದನ್ನು ಸರಿಸಿದೆ. ಅಜ್ಜ ಆರಾಮಾಗಿ ಕೂತರು. ಆಗ ಆ ಸಾಲಿನ ಹಿರಿಯರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು.

"ನಮಗ್ಯಾವಾಗ ಸುತ್ತತೀರಿ, ಬೀಗರ?"