ಟೈಲರ್‌ಗೆ ಬಂದ ಚಾಳೀಸು

ಟೈಲರ್‌ಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ನಗಬೇಡಿ. ಪಕ್ಕದ ಅಂಗಡಿಯವನ ಮೇಲಾದರೆ ಬಾಗಿಲು ಎಳೆದ ಮೇಲೆ ಮರೆತು ಉಣ್ಣಬಹುದು. ಇವಳೋ ಅದೇ ಅಂಗಡಿಯ ಎರಡನೇ ಮೆಷಿನ್ನಿಗೆ ಕೂರುವವಳು, ಅದೇ ಮನೆಯಲ್ಲಿ ಊಟಕ್ಕೆ ಬಡಿಸುವವಳು. ಮದುವೆಯಾದ ಹೊಸದರಲ್ಲಿ ಗುಂಡಿ ಹಾಕಲೂ ಬಾರದವಳನ್ನು ಪಕ್ಕ ಕೂರಿಸಿಕೊಂಡು, ಕತ್ತರಿ ಹಿಡಿಯುವುದರಿಂದ ಕೋಟಿನ ಕಾಲರ್ ಕೂರಿಸುವವರೆಗೆ ಹೇಳಿಕೊಟ್ಟವನು ಇವನೇ. ಈಗ ಬಂದವರೆಲ್ಲ ಇವನ ಎದುರಿಗೇ, ಇದನ್ನು ಅಕ್ಕನ ಕೈಲಿ ಹೊಲಿಸಿ ಅನ್ನುತ್ತಾರೆ. ಗುರುವಿಗೇ ತಿರುಮಂತ್ರ ಅಂದರೆ ಇದೇ ತಾನೆ?

ಅವನಿಗೆ ನಲವತ್ತಾರು. ಒಂದು ವರ್ಷದಿಂದ ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಎಂಜಲು ಹಚ್ಚಬೇಕಿತ್ತು. ಅಳತೆ ಟೇಪನ್ನು ಕೈ ಚಾಚಿ ದೂರ ಹಿಡಿದರಷ್ಟೇ ಅಂಕಿ ಕಾಣುತ್ತಿತ್ತು. ಸಂಜೆಯಾದರೆ ಹಣೆ ಸಿಡಿಯುತ್ತಿತ್ತು. ಇಷ್ಟೆಲ್ಲ ಆದರೂ ಕಣ್ಣಿನ ಮೇಲೆ ಅನುಮಾನ ಬರಲಿಲ್ಲ, ಹೆಂಡತಿಯ ಮೆಷಿನ್ ಮೇಲೆ ಬಂತು. ಅದು ಹೊಸದು, ಅದಕ್ಕೇ ಅವಳ ಹೊಲಿಗೆ ನೆಟ್ಟಗೆ ಬರುತ್ತದೆ ಎಂದು ತೀರ್ಮಾನಿಸಿ ಮೆಷಿನ್ ಬದಲಾಯಿಸಿಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಳೇ ಮೆಷಿನ್ನಿನಲ್ಲೂ ಅವಳ ಹೊಲಿಗೆ ನೆಟ್ಟಗೇ ಬಂತು, ಹೊಸದರಲ್ಲೂ ಇವನದು ಸೊಟ್ಟಗೇ ಹೋಯಿತು. ಆಮೇಲೆ ಬಲ್ಬು ಬದಲಾಯಿಸಿದ. ಬೆಳಿಗ್ಗೆ ಎದ್ದು ಅವಳು ಹತ್ತು ಸೂಜಿಗೆ ದಾರ ಪೋಣಿಸಿ ಇವನ ಮೇಜಿನ ಮೇಲಿನ ಬಟ್ಟೆತುಂಡಿಗೆ ಚುಚ್ಚಿಟ್ಟರೆ, ನನ್ನನ್ನೇನು ಮುದುಕ ಅಂದುಕೊಂಡೆಯಾ ಎಂದು ರೇಗಿ ದಾರವನ್ನೆಲ್ಲ ಕಿತ್ತು ಹಾಕಿದ. ಪಾಪ, ಆಮೇಲೆ ಅವನೇ ಒಂದೊಂದಾಗಿ ಪೋಣಿಸುತ್ತಾ ಕೂತ.

ಎಡವಟ್ಟಾಗಿದ್ದು ವಕೀಲರ ಕೋಟಿನಲ್ಲಿ. ಕಪ್ಪು ಬಟ್ಟೆಗೆ ಇವನು ಕಪ್ಪೆಂದು ಏರಿಸಿದ್ದು ಕಡುನೀಲಿ ದಾರದ ರೀಲು. ವಕೀಲರು ಕೋಟು ಹಾಕಿಕೊಂಡು ಬಿಸಿಲಿಗೆ ಹೋದರು, ತೋಳಿನುದ್ದಕ್ಕೂ ನೀಲಿ ಗೆರೆ, ಅದೂ ಅಂಕುಡೊಂಕು. ಇಪ್ಪತ್ತು ವರ್ಷದಿಂದ ಇವನ ಹತ್ತಿರವೇ ಹೊಲಿಸಿದವರು ಒಳಗೆ ಬಂದು ಕೋಟು ಬಿಚ್ಚಿದರು. ಇವನ ಕೈಗೆ ಕೊಡಲಿಲ್ಲ, ಇವನನ್ನು ದಾಟಿ ಹೋಗಿ ಅವಳ ಮೇಜಿನ ಮೇಲಿಟ್ಟರು.

“ಇದನ್ನ ನೀವೇ ಬಿಚ್ಚಿ ಹೊಲಿದುಬಿಡಿ ತಾಯಿ. ಇನ್ನು ಮೇಲೂ ನೀವೇ ಹೊಲೀರಿ.”

ಇವನಿಗೆ ಪಿತ್ತ ನೆತ್ತಿಗೇರಿತು. ಕೋಟು ಹೊಲಿಯುವುದು ಅವನ ಕೈಯಲ್ಲಿ ಉಳಿದಿದ್ದ ಒಂದೇ ದೊಡ್ಡಸ್ತಿಕೆ, ಅದೂ ಹೋದರೆ ತನ್ನದೇ ಅಂಗಡಿಯಲ್ಲಿ ಗುಂಡಿ ಹಾಕಿಕೊಂಡಿರಬೇಕು. ಆ ದಿನ ಹೆಂಡತಿ, ಒಂದು ಸಲ ಕಣ್ಣು ತೋರಿಸಿಕೊಂಡು ಬನ್ನಿ ಅಂದಳು. ಕಣ್ಣಿನ ನೆಪ ಹೇಳಿ ಕೆಲಸ ಕಿತ್ತುಕೊಳ್ಳುವ ಉಪಾಯ ಅಂದುಕೊಂಡ. ಆದರೂ ಹೋದ. ಕಣ್ಣು ಸರಿ ಇದೆ ಎಂದು ಚೀಟಿ ಬರೆಸಿಕೊಂಡು ಬಂದು ಅವಳ ಮುಖಕ್ಕೆ ಹಿಡಿಯಬೇಕು ಅಂತ!

ಡಾಕ್ಟರಮ್ಮ ಗೋಡೆಯ ಮೇಲಿನ ಅಕ್ಷರ ಓದಿಸಿದರು, ಕಣ್ಣಿನ ಒತ್ತಡ ನೋಡಿದರು, ಒಳಗೆ ಬೆಳಕು ಬಿಟ್ಟು ನೋಡಿದರು. ಬೇರೇನೂ ಇಲ್ಲ, ಚಾಳೀಸು ಅಂದರು. ಕಣ್ಣೊಳಗಿನ ಮಸೂರ ಚಿಕ್ಕ ವಯಸ್ಸಿನಲ್ಲಿ ಮೆತ್ತಗಿದ್ದು, ಹತ್ತಿರದ್ದನ್ನು ನೋಡುವಾಗ ಉಬ್ಬಿಕೊಳ್ಳುತ್ತದಂತೆ. ನಲವತ್ತರ ಆಸುಪಾಸಿಗೆ ಅದು ಬಿಗಿಯಾಗಿ ಮೊದಲಿನಷ್ಟು ಉಬ್ಬುವುದಿಲ್ಲ, ದೂರದ್ದು ಕಂಡರೂ ಹತ್ತಿರದ್ದು ಮಸುಕಾಗುತ್ತದೆ. ಹಣೆನೋವು ಕಣ್ಣನ್ನು ಬಲವಂತವಾಗಿ ದುಡಿಸಿದ್ದಕ್ಕೆ. ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗುತ್ತದೆ ಅನ್ನುವುದೆಲ್ಲ ಬರೀ ಮಾತು, ಕೆಲವು ವರ್ಷಕ್ಕೊಮ್ಮೆ ಪವರ್ ಏರಿಸಬೇಕಾಗಬಹುದು ಅಷ್ಟೇ ಅಂದರು. ನಲವತ್ತು ದಾಟಿದವರು ನೋವಿಲ್ಲದಿದ್ದರೂ ಆಗಾಗ ಕಣ್ಣು ತೋರಿಸುತ್ತಿರಬೇಕು, ಕೆಲವು ಕಾಯಿಲೆ ಸದ್ದಿಲ್ಲದೆ ಬರುತ್ತವೆ ಎಂದೂ ಹೇಳಿದರು.

ಇವನು ಕೇಳಿದ್ದು ಒಂದೇ ಪ್ರಶ್ನೆ. “ನನ್ನ ಹೆಂಡ್ತಿಗೆ ಮೂವತ್ತೆಂಟು. ಅವಳಿಗೂ ಬರುತ್ತಾ?”

ಎಲ್ಲರಿಗೂ ಬರುತ್ತದೆ ಅಂದರು. ಆಹಾ, ಹೊಟ್ಟೆ ತಣ್ಣಗಾಯಿತು ನೋಡಿ! ಕನ್ನಡಕ ಕೈಗೆ ಬರುವವರೆಗೆ ನಾಲ್ಕು ದಿನ ಸಿಳ್ಳೆ ಹಾಕಿಕೊಂಡೇ ಓಡಾಡಿದ. ಇನ್ನು ಗಿರಾಕಿಗಳೆಲ್ಲ ವಾಪಸ್ ಬರುತ್ತಾರೆ, ವಕೀಲರು ಮೊದಲು.

ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದಾಗ ಹೆಂಡತಿ ನೀರು ತರಲು ಒಳಗೆ ಹೋಗಿದ್ದಳು. ಅವಳು ಬಿಚ್ಚಿ ಹೊಲಿದ ಕೋಟು ಗೂಟಕ್ಕೆ ನೇತುಹಾಕಿತ್ತು. ತಪ್ಪು ಹುಡುಕೋಣ ಎಂದೇ ಇಳಿಸಿಕೊಂಡ. ತೋಳು ನೋಡಿದ, ಕಾಲರ್ ತಿರುವಿದ, ಒಳಗಿನ ಅಸ್ತರಿ ಬಟ್ಟೆ ಎತ್ತಿ ನೋಡಿದ. ಆಮೇಲೆ ತಾನು ಮೂವತ್ತೈದರಲ್ಲಿ, ಕಣ್ಣು ಚುರುಕಾಗಿದ್ದಾಗ ಹೊಲಿದುಕೊಂಡಿದ್ದ ಸ್ವಂತ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಪಕ್ಕಕ್ಕಿಟ್ಟ. ಜನ ಹೊಗಳಿದ್ದ ಕೋಟು. ಅದರ ಭುಜದಲ್ಲಿ ಸಣ್ಣ ಸುಕ್ಕಿತ್ತು. ಅವಳದರಲ್ಲಿ ಇರಲಿಲ್ಲ.

ಹೆಂಡತಿ ನೀರು ತಂದಿಟ್ಟು, ಕನ್ನಡಕ ಸರಿಯಾಗಿದೆಯಾ, ಕಾಣುತ್ತಾ ಎಂದು ಕೇಳಿದಳು. ಇವನು ಅವಳ ಕೋಟನ್ನು ಮೆಲ್ಲಗೆ ಗೂಟಕ್ಕೆ ಹಾಕಿದ.

“ಕಾಣುತ್ತೆ ಕಣೇ. ಇಷ್ಟು ದಿನ ತಪ್ಪನ್ನ ಮೆಷಿನ್ ಮೇಲೆ ಹಾಕಿದೆ, ಕಣ್ಣಿನ ಮೇಲೆ ಹಾಕಿದೆ. ಇನ್ನು ಯಾರ ಮೇಲೆ ಹಾಕಲಿ?”