ಬೆಟ್ಟದ ಏರಿನಲ್ಲಿ ಟೈಮಿಂಗ್

ಒಂಟಿಕೊಪ್ಪಲಿನ ಆ ಮುದಿ ಮೆಕ್ಯಾನಿಕ್ ನಮ್ಮ ಹಳೆಯ ಕಾರಿನ ಟೈಮಿಂಗನ್ನು, ಅಂದರೆ ಎಂಜಿನ್ನಿನಲ್ಲಿ ಕಿಡಿ ಹಾರುವ ಗಳಿಗೆಯನ್ನು, ಕಿವಿಯಿಂದಲೇ ಕೂಡಿಸುತ್ತಿದ್ದರು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತಾ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಆಲಿಸುವರು. ಯಾರಾದರೂ ಮಾತಾಡಿಸಿದರೆ, "ಸುಮ್ನಿರಿ ಕಣ್ರೀ, ಅದು ಮಾತಾಡ್ತಾ ಅದೆ" ಎನ್ನುವರು.

ಹೋದ ವರ್ಷ ಟೈಮಿಂಗ್ ಕೂಡಿಸಿದ ಮೇಲೆ, ಪರೀಕ್ಷೆಗೆಂದು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟೆ. ಏರು ಶುರುವಾದದ್ದೇ ಎಂಜಿನ್, ಟೈಮಿಂಗ್ ತಪ್ಪಿದಾಗಿನ ಹಾಗೆ, ಕಟಕಟನೆ ಬಡಿದುಕೊಳ್ಳತೊಡಗಿತು.

"ಬೆಣ್ಣೆ ಥರ ಹೋಯ್ತಾ ಅದೆ" ಎಂದರು ಅವರು.

ಕಾರು ನಿಲ್ಲಿಸಿ, "ಬಡೀತಿದೆ ಯಜಮಾನ್ರೇ" ಎಂದೆ. ಅವರಿಗೆ ಕೇಳಿಸಲಿಲ್ಲ. ಜೋರಾಗಿ ಇನ್ನೊಮ್ಮೆ ಹೇಳಿದೆ.

ಅವರು ಕಾಲ ಬಳಿಯಿದ್ದ ಸ್ಪ್ಯಾನರನ್ನು ಕೈಗೆತ್ತಿಕೊಂಡರು. "ಈಚೆಗೆ ಗಾಡಿ ತಗೊಂಡೋದೋರು ಯಾರೂ ತಿರುಗಿ ಬತ್ತಿರ್ಲಿಲ್ಲ. ಎಲ್ಲಾ ಸರಿಹೋಗಿರ್ಬೇಕು ಅನ್ಕಂಡಿದ್ದೆ" ಎಂದರು.

ಆಮೇಲೆ ಇಳಿದು ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರನ್ನು ತುಸು ಹಿಂದಕ್ಕೆ ತಿರುಗಿಸಿದರು. ನಾನು ಒಂದಷ್ಟು ದೂರ ಓಡಿಸಿ ಬಂದು, ಇನ್ನೂ ಬಡಿಯುತ್ತಿದೆಯೆಂದು ಕೈಯಲ್ಲೇ ತೋರಿಸಿದೆ. ಮತ್ತೆ ತಿರುಗಿಸಿದರು. ಸದ್ದು ನಿಂತಿತೆಂದು ನಾನು ತಲೆಯಾಡಿಸಿದಾಗ ಬೋಲ್ಟ್ ಬಿಗಿದು, ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟರು.

"ಇಷ್ಟೇ ಕೆಲ್ಸ. ಇನ್ಮೇಲೆ ನೀವೇ ಮಾಡ್ಕಳಿ. ನಂಗೆ ಸಾಕಾಗ್ಬುಟ್ಟದೆ."

ಬೆಟ್ಟ ಇಳಿಯುವಾಗ ಸೀಟಿಗೊರಗಿ ನಿದ್ದೆ ಹೋದರು. ಅವರ ಮನೆ ಮುಂದೆ ನಾನು ಎಂಜಿನ್ ಆರಿಸಿದಾಗ, ಮೈಗೆ ತಾಗುತ್ತಿದ್ದ ಅದುರು ನಿಂತದ್ದಕ್ಕೆ ಅವರಿಗೆ ಗಾಬರಿಯಿಂದ ಎಚ್ಚರವಾಯಿತು. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಒತ್ತಿ, "ನಿಂತೋಯ್ತಾ?" ಎಂದು ಕೇಳಿದರು.

"ನಾನೇ ಆಫ್ ಮಾಡ್ದೆ" ಎಂದು ಅವರ ಕಿವಿಯ ಹತ್ತಿರ ಕೂಗಿ ಹೇಳಿದೆ.