ಸಾಹೇಬರ ಸಿಮೆಂಟು, ದೊಡ್ಡವ್ವನ ವೋಟು

ರಬಕವಿಯ ನಮ್ಮ ದೊಡ್ಡವ್ವ ಗೌರವ್ವ ಮಧ್ಯಾಹ್ನದ ಊಟ ಮುಗಿಸಿ, ಮಗ್ಗದ ನೂಲು ಸುತ್ತಲು ರಾಟೆಯ ಮುಂದೆ ಕೂತಳೆಂದರೆ, ಪಕ್ಕದಲ್ಲಿ ಕೂತು ಪೇಪರ್ ಓದಿ ಹೇಳುವುದು ರಜೆಗೆ ಊರಿಗೆ ಹೋದ ನನ್ನ ಕೆಲಸ. ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಕೇಳುವ ಕಿವಿ ಎಲ್ಲಿ ಸಿಕ್ಕರೂ ಸಂತೋಷ; ಅವಳಿಗೋ ಎಳೆ ಬೆರಳ ನಡುವೆ ಓಡುವಾಗ ಕಿವಿಗೂ ಒಂದು ಉದ್ಯೋಗ ಬೇಕು. ಮಳೆ, ಸೀರೆಯ ಪೇಟೆ, ಯಾವುದೋ ಊರಿನ ಕಳ್ಳತನ, ಎಲ್ಲಕ್ಕೂ ಹೂಂಗುಟ್ಟುತ್ತಿದ್ದವಳು ಆ ದಿನದ ಸುದ್ದಿಗೆ ಮಾತ್ರ ರಾಟೆ ನಿಲ್ಲಿಸಿದಳು.

ಸುದ್ದಿ ನಮ್ಮ ಶಾಸಕರದು. ಊರೆಲ್ಲ ಅವರನ್ನು ಸಾಹೇಬರೆಂದೇ ಕರೆಯುತ್ತಿತ್ತು. ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಕಾಲ ಅದು. ನಮ್ಮ ಓಣಿಯ ಶಾಲೆಯ ಛಾವಣಿಗೆಂದು ಬಂದ ಸಿಮೆಂಟು ಸಾಹೇಬರ ಮನೆಯ ಮೇಲಂತಸ್ತನ್ನು ಏರಿತ್ತೆಂದು ಪೇಪರು ಬರೆದಿತ್ತು. ಶಾಲೆಯ ಗೋಡೆಗಳು ಬರಿದಲೆಯಲ್ಲಿ ನಿಂತಿದ್ದವು; ದೊಡ್ಡವ್ವನ ಮೊಮ್ಮಗಳೇ ಬೇವಿನ ಮರದಡಿ ಕೂತು ಮಗ್ಗಿ ಹೇಳುತ್ತಿದ್ದಳು. ನಾನು ಗೆದ್ದವನಂತೆ ಪೇಪರು ಮಡಿಸಿ, ಈ ಸಲದ ಚುನಾವಣೆಯಲ್ಲಾದರೂ ಇವರನ್ನು ಬಿಡಬೇಕು ಎಂದೆ. ಅವಳು, “ಓದೂದು ನೀ ಓದಿದಿ. ವೋಟು ನಾ ಹಾಕತೇನಿ,” ಎಂದು ಮತ್ತೆ ರಾಟೆ ತಿರುಗಿಸಿದಳು.

ಕಾರಣ ನನಗೆ ಗೊತ್ತಿತ್ತು, ನಿಮಗೂ ಹೇಳಬೇಕು. ದೊಡ್ಡವ್ವನ ಮಗಳು ಶಾಂತಾಳ ಮದುವೆಯಲ್ಲಿ, ಬೀಗರಿಗೆ ಬಟ್ಟೆಬರೆಯ ಆಯೇರಿ ಮಾಡುವ ಗಡಿಬಿಡಿಯೊಳಗೆ, ವರನ ಸೋದರಮಾವನಿಗೆ ರುಮಾಲು ಸುತ್ತುವುದನ್ನೇ ನಮ್ಮವರು ಮರೆತರು. ಆತ ಮುನಿಸಿಕೊಂಡು ಅರ್ಧ ದಿಬ್ಬಣವನ್ನು ಎಬ್ಬಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೇಬಿಟ್ಟ. ಗಂಡನಿಲ್ಲದ ದೊಡ್ಡವ್ವ ಹಂದರದ ಕಂಬ ಹಿಡಿದು ನಿಂತಳು. ಆಗಿನ್ನೂ ಯಾವ ಪದವಿಯೂ ಇಲ್ಲದೆ ಬರಿಯ ಊಟಕ್ಕೆ ಬಂದಿದ್ದ ಸಾಹೇಬರು ಯಾರದೋ ಸೈಕಲ್ ಹತ್ತಿ ಬೆನ್ನಟ್ಟಿದರು. ಬಸ್ಸಿಗೆ ಕಾದಿದ್ದ ಜನರೆಲ್ಲರ ಎದುರು ತಮ್ಮ ತಲೆಯ ರೇಶಿಮೆ ರುಮಾಲನ್ನು ಬಿಚ್ಚಿ ಆ ಮಾವನ ತಲೆಗೆ ಸುತ್ತಿದರು. ಮುನಿಸು ಇಳಿಯಿತು, ಮದುವೆ ಉಳಿಯಿತು. ಸಾಹೇಬರು ಬರಿದಲೆಯಲ್ಲೇ ಪಂಕ್ತಿಗೆ ಕೂತು ಉಂಡರು.

ಹಗರಣದ ಸುದ್ದಿ ಓದುವಾಗ ನಾವು ಒಬ್ಬ ರಾಜಕಾರಣಿಯನ್ನು ತೂಗುತ್ತಿದ್ದೇವೆಂದು ತಿಳಿಯುತ್ತೇವೆ. ಅವನನ್ನು ನಚ್ಚಿಕೊಂಡವರಿಗೆ ತಕ್ಕಡಿಯಲ್ಲಿ ಕೂತಿರುವುದು ತಮ್ಮದೇ ಬಾಳಿನ ಒಂದು ತುಣುಕು. ಅವನನ್ನು ಕೆಳಗಿಳಿಸಬೇಕಾದರೆ ಅದನ್ನೂ ಇಳಿಸಬೇಕು. ಅದರ ಮೇಲೆ, ಸುದ್ದಿ ಹೇಳುವವನ ದನಿಯಲ್ಲಿ ನನ್ನದರಲ್ಲಿದ್ದಂತೆ ಗೆಲುವಿನ ಗತ್ತು ಇಣುಕಿದರಂತೂ ಮುಗಿಯಿತು. ಮನೆಯ ಮಗನನ್ನು ನಾವು ಬೈದೇವು. ಓಣಿಯವರು ಬೈಯಲು ಬಂದರೆ ಬಾಗಿಲಿಗೆ ಅಡ್ಡ ನಿಲ್ಲುತ್ತೇವೆ.

ಚುನಾವಣೆ ಬಂತು. ನನ್ನ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ ಇದ್ದುದರಿಂದ ಇಬ್ಬರೂ ಕೂಡಿಯೇ ಹೋದೆವು. ಅವಳ ವೋಟು ಸಾಹೇಬರಿಗೆ, ನನ್ನದು ಎದುರಾಳಿಗೆ. ಒಬ್ಬರದನ್ನೊಬ್ಬರು ಅಳಿಸಿ, ನಗುತ್ತ ಮನೆಗೆ ಬಂದು ಉಂಡೆವು. ಸಾಹೇಬರು ಸೋತರು. ನನಗೆ ಹಿಗ್ಗಾಯಿತು, ಮುಚ್ಚಿಡುವುದೇಕೆ?

ಮರುದಿನ ದೊಡ್ಡವ್ವ ಹೋಳಿಗೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಸೋತವರ ಮನೆಯಲ್ಲಿ ಒಲೆ ಹೊತ್ತಿರುವುದಿಲ್ಲ, ನಡೆ ಎಂದಳು. ಮೊನ್ನೆಯ ತನಕ ಜೀಪುಗಳಿಂದ ಗಿಜಿಗುಡುತ್ತಿದ್ದ ಅಂಗಳದಲ್ಲಿ ಸಾಹೇಬರೊಬ್ಬರೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವಳನ್ನು ಕಂಡು ಎದ್ದು ನಿಂತರು. ದೊಡ್ಡವ್ವ ತಾಟಿಗೆ ಹೋಳಿಗೆ ಬಡಿಸಿ, ತುಪ್ಪ ಹಾಕಿ, ಅವರು ಮೊದಲ ತುತ್ತು ಉಣ್ಣುವ ತನಕ ಕಾದಳು.

“ಸಾಹೇಬ್ರ, ಸಾಲಿ ಸಿಮೆಂಟ್ ತಗೊಂಡಿದ್ದು ಖರೆ ಏನ್ರಿ?”

ಅವರ ಕೈ ತಾಟಿನಲ್ಲೇ ನಿಂತಿತು. ಎಲ್ಲವೂ ವಿರೋಧಿಗಳ ಪಿತೂರಿಯೆಂದು ಸಭೆ ಸಭೆಯಲ್ಲೂ ಗುಡುಗಿದ್ದವರು ತಲೆ ತಗ್ಗಿಸಿ, “ಖರೆ ಐತಿ, ಗೌರವ್ವಾ,” ಎಂದರು.

“ಉಣ್ರಿ, ಆರತೈತಿ,” ಎಂದಳು. ಉಂಡಾದ ಮೇಲೆ, ಶಾಲೆಯ ಸಲುವಾಗಿ ಹೊಸ ಶಾಸಕರ ಮನೆಗೆ ಹೋಗೋಣ, ನೀವೂ ಬರಬೇಕು ಎಂದಳು.

ಈ ಪ್ರಶ್ನೆಯನ್ನು ವೋಟಿಗೆ ಮೊದಲೇ ಕೇಳಬಾರದಿತ್ತೇ ಎಂದು ದಾರಿಯಲ್ಲಿ ರೇಗಿಸಿದೆ. “ಆವಾಗ ಕೇಳಿದ್ರ ಅವರು ಮಂದಿ ಮುಂದ ಸುಳ್ಳ ಹೇಳತಿದ್ರು, ತಮ್ಮಾ. ಆ ಸುಳ್ಳ ಕೇಳೂದು ನನ್ನ ಕಡಿಂದ ಆಗತಿರಲಿಲ್ಲ,” ಎಂದಳು. ಎಲ್ಲರೂ ನಿನ್ನಂತೆ ಹಾಕಿದ್ದರೆ ಮಕ್ಕಳು ಮತ್ತೆ ಐದು ವರ್ಷ ಬೇವಿನ ಮರದಡಿಯೇ ಇರುತ್ತಿದ್ದರಲ್ಲ ಎಂದರೆ, ಅದೂ ಖರೆ ಎಂದು ನಕ್ಕಳು. ನನ್ನ ವೋಟು ಸರಿಯೆಂದೇ ಈಗಲೂ ನಂಬಿದ್ದೇನೆ. ಆದರೆ ನಿಷ್ಠೆಯನ್ನು ಕುರುಡು ಎನ್ನುವವರೊಡನೆ ಅಂದಿನಿಂದ ದನಿಗೂಡಿಸಲಾರೆ. ದೊಡ್ಡವ್ವ ಎಲ್ಲವನ್ನೂ ಕಂಡಿದ್ದಳು, ಕೇಳುವ ಹೊತ್ತನ್ನು ಮಾತ್ರ ತಾನೇ ಆರಿಸಿಕೊಂಡಿದ್ದಳು.

ಸಾಹೇಬರು ಮಾತಿನಂತೆ ಬಂದರು. ಸೋತವರು ತಮ್ಮ ಬಾಗಿಲಿಗೇ ಬಂದು ನಿಂತದ್ದು ಕಂಡು ಹೊಸ ಶಾಸಕರು ತಬ್ಬಿಬ್ಬಾಗಿ ಚಹಾ ತರಿಸಿದರು. ಕೆಲವು ತಿಂಗಳಲ್ಲಿ ಪರ್ಮಿಟ್ಟೂ ಬಂತು. ಉಸುಕು, ಜಲ್ಲಿಕಲ್ಲಿನ ಖಡಿಯನ್ನು ಸಾಹೇಬರು ತಮ್ಮ ಖರ್ಚಿನಲ್ಲೇ ಹಾಕಿಸಿದರು.

ಸ್ಲ್ಯಾಬ್ ಹಾಕುವ ದಿನ ಓಣಿಯ ಮಗ್ಗಗಳೆಲ್ಲ ನಿಂತವು. ನಾವೆಲ್ಲ ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ಮೇಲೆ ಸಾಗಿಸುತ್ತಿದ್ದೆವು. ನನ್ನ ಪಕ್ಕದಲ್ಲಿ ಧೋತರ ಎತ್ತಿ ಕಟ್ಟಿದ ಸಾಹೇಬರು. ಸಾಲಿನೊಳಗಿದ್ದ ನೇಕಾರನೊಬ್ಬ, “ಸಾಹೇಬ್ರ, ಬುಟ್ಟಿ ಮತ್ತ ನಿಮ್ಮ ಮನಿ ಕಡೆ ತಿರುಗೀತು, ನೋಡ್ಕೋರಿ,” ಎಂದ. ಒಂದು ಕ್ಷಣ ಎಲ್ಲರ ಕೈಯೂ ತಡೆಯಿತು. ಮೊದಲು ನಕ್ಕವರು ಸಾಹೇಬರೇ. ಆಮೇಲೆ ಇಡೀ ಸಾಲು ನಕ್ಕಿತು. ಅವರು ನಗುತ್ತಲೇ ಬುಟ್ಟಿಯನ್ನು ನನ್ನ ಕೈಗಿತ್ತರು, ನಾನು ಮುಂದಿನವನಿಗೆ ದಾಟಿಸಿದೆ.